ಶರೀಫರ ಪದ, ಗಿಟಾರಿನ ಸಂಗಡ

ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ (1819–1889) ತತ್ತ್ವಪದಗಳು, ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಭಜನಾಮಂಡಳಿಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳ ಆಶ್ರಯದಲ್ಲಿ ಶತಮಾನ ಕಾಲ ಬಾಳಿ, ಸಿ. ಅಶ್ವತ್ಥರ ಧೀರಕಂಠದಿಂದ ನಾಡೆಲ್ಲ ವ್ಯಾಪಿಸಿದವು. ಅವುಗಳನ್ನು ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ನಿಲ್ಲಿಸಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು. ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ನಿರಾಕರಿಸಿದ ಈ ಸ್ವತಂತ್ರ ಗಾಯಕನ ಮೊದಲ ಆಲ್ಬಂ, ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿಯ ಒತ್ತಾಸೆಯಿಂದ 2008ರಲ್ಲಿ ಪ್ರಕಟವಾಯಿತು. ಲುಂಗಿಯುಟ್ಟು ಗೆಜ್ಜೆ ಕಟ್ಟಿದ ಆತನ ತಂಡವು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿ, ಮರುವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ನವಾಗತ ಪುರಸ್ಕಾರವನ್ನು ಪಡೆಯಿತು. ವಾದ್ಯಗಳು ಬದಲಾದುವೆಂದು ಖೇದಪಡುವವರುಂಟು. ಆದರೆ ಏಕತಾರಿಯನ್ನೇ ಕಾಣದ ತರುಣರು ಶರೀಫರ ಉತ್ತರಕರ್ನಾಟಕದ ನುಡಿಯನ್ನು ಕಂಠಪಾಠವಾಗಿ ಹಾಡುವುದು ನನಗೆ ಪರಮಸಂತೋಷದ ಸಂಗತಿ.