ಕಟ್ಟಿದವನ ಹಕ್ಕು

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವನ್ನು ಕಟ್ಟಿಸಿದವರು ಮಧುಗಿರಿಯ ಪಾಳೆಯಗಾರರು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ಆ ಸೀಮೆ ಮೈಸೂರಿಗೆ ಸೇರಿತು. ಚರಿತ್ರೆ ಇಷ್ಟನ್ನು ಹೇಳುತ್ತದೆ. ಬಂಡೆಯನ್ನು ಸೀಳಿ, ಹೊತ್ತು, ಗೋಡೆಗೆ ಕೂರಿಸಿದ ಕಲ್ಲುಕುಟಿಗರ ಮಾತು ಅದರಲ್ಲಿ ಬರುವುದಿಲ್ಲ. ಕಟ್ಟಿಸಿದವನ ಹೆಸರು ಉಳಿಯುತ್ತದೆ. ಕಟ್ಟಿದವನ ಲೆಕ್ಕ ಉಳಿಯುವುದಿಲ್ಲ.

ಕೋಟೆಯನ್ನು ಬಿಟ್ಟು ಕೆರೆಯ ಏರಿಗೆ ಬಂದರೆ ಮಾತು ಬೇರೆ. ಕೆರೆಯನ್ನು ಕಟ್ಟಿದವನಿಗೆ, ಒಡೆದದ್ದನ್ನು ದುರಸ್ತು ಮಾಡಿದವನಿಗೆ ಆ ಕೆರೆಯ ಕೆಳಗಣ ಗದ್ದೆಯನ್ನೇ ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿತ್ತು. ಕಟ್ಟುಕೊಡಗಿ ಎಂದರೆ ಇದೇ. ಬುಟ್ಟಿಯಲ್ಲಿ ಮಣ್ಣು ಹೊತ್ತವನಿಗಿಂತ ಹಣ ಹೂಡಿದ ಗೌಡನಿಗೇ ಆ ಭೂಮಿ ಸಂದದ್ದು ಹೆಚ್ಚೆನ್ನಬೇಕು. ಆದರೂ ಅದರಲ್ಲಿ ಒಂದು ನ್ಯಾಯವಿತ್ತು: ಮಾಡಿದ ಕೆಲಸವೇ ಅದರ ಪ್ರತಿಫಲಕ್ಕೆ ಹೊಣೆಯಾಗಿ ನಿಲ್ಲುತ್ತಿತ್ತು.

ಇದೇ ನ್ಯಾಯ ದೂರದ ಅಮೆರಿಕದಲ್ಲಿ ಕಾನೂನಾದದ್ದು 1791ರಲ್ಲಿ. ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನು ಬೆಂಗಳೂರು ಕೋಟೆಯನ್ನು ಹಿಡಿದದ್ದೂ ಅದೇ ವರ್ಷ. ಅಲ್ಲಿ ವಾಷಿಂಗ್ಟನ್ ನಗರವನ್ನು ಹೊಸದಾಗಿ ಕಟ್ಟಬೇಕಾಗಿತ್ತು. ಹಣ ಬಾರದಿದ್ದರೆ ಗತಿಯೇನೆಂದು ಮೇಸ್ತ್ರಿಗಳು ಹಿಂಜರಿಯಬಾರದೆಂದು ಮೇರಿಲ್ಯಾಂಡಿನ ಶಾಸನಸಭೆ ಅವರಿಗೆ ಕಟ್ಟಡದ ಮೇಲೆಯೇ ಹಕ್ಕು ಕೊಟ್ಟಿತು. ಕ್ರಮೇಣ ಅದು ಆ ದೇಶದ ರಾಜ್ಯಗಳಲ್ಲೆಲ್ಲ ಹರಡಿತು. ಇಟ್ಟಿಗೆ, ಮರ ಒದಗಿಸಿದವನಿಗೂ ಅಲ್ಲಿ ಆ ಹಕ್ಕುಂಟು.

ನಮ್ಮಲ್ಲಿ? 1872ರ ಕರಾರು ಕಾಯಿದೆಯ 170ನೆಯ ಸೆಕ್ಷನ್ನನ್ನು ನೋಡಿ. ಒರಟು ವಜ್ರವನ್ನು ಕೊರೆದು ಹೊಳಪು ಕೊಟ್ಟವನು ಕೂಲಿ ಕೈಸೇರುವವರೆಗೆ ಅದನ್ನು ಇಟ್ಟುಕೊಳ್ಳಬಹುದೆಂದು ಕಾಯಿದೆಯೇ ಉದಾಹರಣೆ ಕೊಡುತ್ತದೆ. ಆದರೆ ಇದು ಚರಸ್ವತ್ತಿನ ಮಾತು, ಮನೆ ಸ್ಥಿರಸ್ವತ್ತು. ಇನ್ನೊಂದು ವಿಚಿತ್ರವನ್ನು ಗಮನಿಸಿ: ಮನೆಯನ್ನು ಮಾರಿದವನಿಗೆ ಕ್ರಯದ ಹಣ ಬಾಕಿಯಾದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಆ ಮನೆಯ ಮೇಲೆ ಹೊಣೆ ಹೊರಿಸುತ್ತದೆ. ಅದನ್ನು ಕಟ್ಟಿದವನಿಗೆ ಅಂಥದೊಂದು ಹಕ್ಕಿಲ್ಲ. ಅವನು ದಾವಾ ಹೂಡಬೇಕು. ಹಣ ಕೊಡುವ ಗಡುವು ಗೊತ್ತಾಗಿಲ್ಲದಿದ್ದರೆ, 1963ರ ಕಾಯಿದೆಯಂತೆ, ಕೆಲಸ ಮುಗಿದ ಮೂರು ವರ್ಷದೊಳಗೆ. ಅಷ್ಟರಲ್ಲಿ ಗೃಹಪ್ರವೇಶವಾಗಿ, ಮನೆ ಬೇರೆಯವರ ಪಾಲಾಗಿದ್ದರೂ ಆದೀತು.

ಮನೆ ಕಟ್ಟಿಸುವವರ ಕಷ್ಟವನ್ನೂ ನಾನು ಬಲ್ಲೆ. ಕಂಟ್ರಾಕ್ಟರನಿಗೆ ಪೂರ್ತಿ ಹಣ ಕೊಟ್ಟ ಗೃಹಸ್ಥನ ಬಾಗಿಲಿಗೆ ಇಟ್ಟಿಗೆಯವನೂ ಬಂದು ನಿಂತರೆ, ಒಂದೇ ಸಾಲವನ್ನು ಎರಡು ಸಲ ತೀರಿಸಬೇಕಾದೀತು. ಅದಕ್ಕೆ ಮದ್ದಿಲ್ಲದೆ ಇಲ್ಲ. ಯಜಮಾನನು ಇನ್ನೂ ಕೊಡಬೇಕಾದ ಬಾಕಿಯಷ್ಟಕ್ಕೇ ಹಕ್ಕನ್ನು ಮಿತಗೊಳಿಸಿ, ಕೆಲಸ ಮುಗಿದ ಕೆಲವೇ ತಿಂಗಳೊಳಗೆ ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕೆಂದು ವಿಧಿಸಿದರೆ, ಕೊಳ್ಳುವವನಿಗೂ ಮೋಸವಾಗದು, ಕಟ್ಟಿದವನಿಗೂ ಆಸರೆಯಾದೀತು. ಏರಿಯ ಕೆಳಗೆ ಗದ್ದೆ ಅಳೆದುಕೊಟ್ಟ ನಾಡಿಗೆ ಇದು ಹೊಸ ನ್ಯಾಯವೇನಲ್ಲ.