ಲಾಭವನ್ನು ಕಷ್ಟಕಾಲಕ್ಕೆ ಕೂಡಿಟ್ಟ ಸಹಕಾರಿ – ಅಡಾಲ್ಫ್ ಫಾನ್ ಎಲ್ಮ್

ನಮ್ಮ ಸೊಸೈಟಿಗೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸಹಕಾರ ಚಳವಳಿಯ ಹಿರಿಯರೊಬ್ಬರ ಬಗ್ಗೆ ಬರೆಯಬೇಕೆಂದು ಸ್ಮರಣ ಸಂಚಿಕೆ ಸಮಿತಿಯವರು ನಮ್ಮನ್ನು ಕೇಳಿದರು. ಸಹಕಾರ ಅಂದ ಕೂಡಲೇ ನಮ್ಮ ನಾಡಿನಲ್ಲಿ ನೆನಪಾಗುವುದು ಗದಗ ತಾಲ್ಲೂಕಿನ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಂಘ ಕಟ್ಟಿದರು. ಹಳ್ಳಿಯ ಪತ್ತಿನ ಸಂಘಕ್ಕೆ ಮಾದರಿಯಾದದ್ದು ಜರ್ಮನಿಯ ರೈಫೈಸನ್ ಅವರ ಸಂಘಗಳು. ಅವರ ಹೆಸರನ್ನು ಸಹಕಾರ ತರಬೇತಿಗೆ ಹೋಗಿ ಬಂದವರೆಲ್ಲ ಕೇಳಿರುತ್ತಾರೆ. ಅದೇ ದೇಶದಲ್ಲಿ ಪಟ್ಟಣದ ಕೂಲಿಕಾರರಿಗಾಗಿ ಸಂಘ ಕಟ್ಟಿದ ಇನ್ನೊಬ್ಬರು ಅಡಾಲ್ಫ್ ಫಾನ್ ಎಲ್ಮ್. ಇವರ ಹೆಸರು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಆದ್ದರಿಂದ ಇವರ ವಿಷಯವನ್ನೇ ಬರೆಯುತ್ತಿದ್ದೇವೆ.

ಜರ್ಮನಿಯಲ್ಲಿ ಹೆಸರಿನ ಮಧ್ಯೆ ‘ಫಾನ್’ ಅಂತ ಇದ್ದರೆ ಸಾಮಾನ್ಯವಾಗಿ ಜಹಗೀರುದಾರರ ಮನೆತನ ಅಂದುಕೊಳ್ಳುತ್ತಾರೆ. ಆದರೆ 1857ರಲ್ಲಿ ಹುಟ್ಟಿದ ಇವರು ಹ್ಯಾಂಬರ್ಗ್ ಬಂದರು ಪಟ್ಟಣದಲ್ಲಿ ಸಿಗಾರ್ ವಿಂಗಡಿಸುವ ಕೆಲಸಗಾರರು. ನಮ್ಮ ಕಡೆ ಬ್ಯಾರನ್‌ನಿಂದ ಇಳಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಗ್ರೇಡ್ ಮಾಡುತ್ತೇವಲ್ಲ, ಹಾಗೆಯೇ ಸುತ್ತಿದ ಸಿಗಾರುಗಳನ್ನು ಬಣ್ಣ ನೋಡಿ ಬೇರೆ ಮಾಡುವುದು ಅವರ ಕಸುಬು. ಸಿಗಾರ್ ಕೆಲಸಗಾರರಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಒಬ್ಬ ಪೇಪರು, ಪುಸ್ತಕ ಗಟ್ಟಿಯಾಗಿ ಓದುವುದು, ಉಳಿದವರು ಕೆಲಸ ಮಾಡುತ್ತಾ ಕೇಳುವುದು, ಓದುವವನ ಪಾಲಿನ ಕೆಲಸವನ್ನು ಎಲ್ಲರೂ ಸೇರಿ ಮಾಡಿಕೊಡುವುದು. ಸ್ಕೂಲಿಗೆ ಹೆಚ್ಚು ಹೋಗದವರೂ ಹೀಗೆ ಲೋಕಜ್ಞಾನ ಪಡೆದರು.

1878ರಲ್ಲಿ ಜರ್ಮನ್ ಸರ್ಕಾರ ಸಮಾಜವಾದಿಗಳ ವಿರುದ್ಧ ಕಾಯ್ದೆ ತಂದಿತು. ಸಭೆ, ಪತ್ರಿಕೆ, ಸಂಘ ಎಲ್ಲಕ್ಕೂ ತಡೆ. ಆ ಕಾಲದಲ್ಲಿ ಫಾನ್ ಎಲ್ಮ್ ಅಮೆರಿಕಕ್ಕೆ ಹೋಗಿ ಕೆಲವು ವರ್ಷ ಇದ್ದು ಬಂದರು. ವಾಪಸ್ಸು ಬಂದು ಸಿಗಾರ್ ವಿಂಗಡಿಸುವವರ ಸಂಘದ ಮುಂದಾಳಾದರು. 1890ರಲ್ಲಿ ಕಾಯ್ದೆ ಹೋಯಿತು, ಆದರೆ ಅದೇ ವರ್ಷ ಹ್ಯಾಂಬರ್ಗಿನ ಸಿಗಾರ್ ಮಾಲೀಕರು ‘ಸಂಘ ಬಿಡಿ, ಇಲ್ಲವೇ ಕೆಲಸ ಬಿಡಿ’ ಎನ್ನುವ ರೀತಿ ಕಾರ್ಖಾನೆಗಳಿಗೆ ಬೀಗ ಹಾಕಿದರು. ಕೆಲಸ ಕಳೆದುಕೊಂಡವರು ಕೈಕಟ್ಟಿ ಕೂರಲಿಲ್ಲ. 1891ರಲ್ಲಿ ತಾವೇ ತಂಬಾಕು ಕಾರ್ಮಿಕರ ಸಹಕಾರ ಸಂಘ ಮಾಡಿ ಸಿಗಾರ್ ತಯಾರಿಸಲು ಶುರು ಮಾಡಿದರು. ಅದನ್ನು ನಡೆಸಿದವರು ಫಾನ್ ಎಲ್ಮ್. 1894ರಿಂದ 1906ರವರೆಗೆ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದಿಂದ ಅವರು ಜರ್ಮನ್ ಪಾರ್ಲಿಮೆಂಟಿನ ಸದಸ್ಯರೂ ಆಗಿದ್ದರು.

1896ರ ನವೆಂಬರಿನಲ್ಲಿ ಹ್ಯಾಂಬರ್ಗ್ ಬಂದರಿನ ಕೂಲಿಗಳು ಮುಷ್ಕರ ಹೂಡಿದರು. ಹದಿನಾರು ಸಾವಿರಕ್ಕೂ ಹೆಚ್ಚು ಜನ, ಚಳಿಗಾಲದಲ್ಲಿ ಸುಮಾರು 11 ವಾರ. 1897ರ ಫೆಬ್ರವರಿಯಲ್ಲಿ ಸೋತು ಕೆಲಸಕ್ಕೆ ಮರಳಬೇಕಾಯಿತು. ಹೊಟ್ಟೆಗಿಲ್ಲದವನು ಎಷ್ಟು ದಿನ ಹಟ ಹಿಡಿದಾನು? ಕೂಲಿ ಹೆಚ್ಚಿಸಿಕೊಳ್ಳಲು ಒಂದು ಸಂಘ ಇದ್ದರೆ ಸಾಲದು, ಕೂಲಿಯ ದುಡ್ಡನ್ನು ಖರ್ಚು ಮಾಡುವುದಕ್ಕೂ ಒಂದು ಸಂಘ ಬೇಕು ಎಂಬ ಮಾತಿಗೆ ಆಗ ತೂಕ ಬಂತು.

ಹಾಗೆ 1899ರಲ್ಲಿ ಹುಟ್ಟಿದ್ದು ಹ್ಯಾಂಬರ್ಗಿನ ‘ಪ್ರೊಡುಕ್ತ್ಸಿಯೋನ್’, ಅಂದರೆ ಉತ್ಪಾದನೆ, ಎಂಬ ಬಳಕೆ, ಮನೆಕಟ್ಟಡ ಹಾಗೂ ಉಳಿತಾಯ ಸಂಘ. ಫಾನ್ ಎಲ್ಮ್ ಅವರ ಜೊತೆ ಅದಕ್ಕೆ ದುಡಿದವರಲ್ಲಿ ಮುಖ್ಯರಾದವರು ಅವರ ಬಾಳಸಂಗಾತಿ, ಕಾರ್ಮಿಕ ಸಂಘಟಕಿ ಹೆಲ್ಮಾ ಸ್ಟೈನ್‌ಬಾಖ್. ಅಂಗಡಿಗೆ ಬುಟ್ಟಿ ಹಿಡಿದು ಹೋಗುವವರು ಹೆಂಗಸರು. ಅವರು ಒಪ್ಪದಿದ್ದರೆ ಬಳಕೆದಾರರ ಸಂಘ ನಡೆಯದು ಎಂಬುದು ನಮ್ಮೂರಿನ ಹಾಲಿನ ಡೇರಿ ನೋಡಿದವರಿಗೆ ಹೇಳಬೇಕಾಗಿಲ್ಲ.

ಈ ಸಂಘದ ವಿಶೇಷ ಏನೆಂದರೆ ಲಾಭದ ಲೆಕ್ಕ. ಬೇರೆ ಬಳಕೆದಾರರ ಸಂಘಗಳಲ್ಲಿ ವರ್ಷದ ಕೊನೆಗೆ, ಯಾರು ಎಷ್ಟು ಕೊಂಡರೋ ಅಷ್ಟಕ್ಕೆ ತಕ್ಕ ಪಾಲನ್ನು ಕೈಗೆ ಕೊಡುತ್ತಿದ್ದರು. ಇಲ್ಲಿ ಆ ಪಾಲು ಸದಸ್ಯನ ಹೆಸರಿನಲ್ಲೇ ಜಮಾ ಆಗುತ್ತಿತ್ತು, ಆದರೆ 100 ಮಾರ್ಕ್ ತುಂಬುವವರೆಗೆ ಕೈಗೆ ಸಿಗದು. ಅದಕ್ಕೆ ಕಷ್ಟನಿಧಿ ಅಂತ ಹೆಸರು. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಅದರಿಂದ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಆ ಹಣ ಸಂಘದ ಬೇಕರಿ, ಮಾಂಸದ ಅಂಗಡಿ, ಸದಸ್ಯರ ಬಾಡಿಗೆ ಮನೆಗಳಿಗೆ ಬಂಡವಾಳ. ಒಬ್ಬೊಬ್ಬರಿಗೆ ಹಂಚಿದರೆ ಒಂದು ಹೊತ್ತಿನ ಖರ್ಚಿಗೂ ಸಾಲದ ದುಡ್ಡು, ಒಂದೆಡೆ ಸೇರಿದಾಗ ಮನೆ ಕಟ್ಟಿತು.

ವಿರೋಧ ಇರಲಿಲ್ಲವೇ? ಬೇಕಾದಷ್ಟಿತ್ತು. ಅಂಗಡಿ ವರ್ತಕರು ಹೊಟ್ಟೆ ಉರಿದುಕೊಂಡರು. ಹಳೆಯ ಸಹಕಾರ ಮಹಾಮಂಡಲವೇ 1902ರಲ್ಲಿ ಕಾರ್ಮಿಕರ ಬಳಕೆದಾರರ ಸಂಘಗಳನ್ನು ಹೊರಗೆ ಹಾಕಿತು. ಅವು 1903ರಲ್ಲಿ ಡ್ರೆಸ್ಡೆನ್‌ನಲ್ಲಿ ಸೇರಿ ತಮ್ಮದೇ ಕೇಂದ್ರ ಒಕ್ಕೂಟ ಮಾಡಿಕೊಂಡವು. ಅವರದೇ ಪಕ್ಷದ ಕೆಲವು ಮುಖಂಡರು, ದಿನಸಿ ಅಗ್ಗವಾದರೆ ಮಾಲೀಕ ಕೂಲಿ ಇಳಿಸುತ್ತಾನೆ, ಇದರಿಂದ ಉಪಯೋಗ ಇಲ್ಲ ಅನ್ನುತ್ತಿದ್ದರು. ಫಾನ್ ಎಲ್ಮ್ ವರ್ಷಗಟ್ಟಲೆ ವಾದ ಮಾಡಿದರು. ಕೊನೆಗೆ 1910ರಲ್ಲಿ ಮ್ಯಾಗ್ಡೆಬರ್ಗ್ ಅಧಿವೇಶನದಲ್ಲಿ ಪಕ್ಷ ಸಹಕಾರದ ಮಹತ್ವವನ್ನು ಒಪ್ಪಿ ನಿರ್ಣಯ ಮಾಡಿತು. 1912ರಲ್ಲಿ ಕಾರ್ಮಿಕ ಸಂಘಗಳು ಮತ್ತು ಸಹಕಾರ ಸಂಘಗಳು ಕೂಡಿ ‘ಫೋಲ್ಕ್ಸ್‌ಫ್ಯೂರ್‌ಸೋರ್ಗೆ’ ಎಂಬ ಜನರ ವಿಮಾ ಸಂಸ್ಥೆ ಸ್ಥಾಪಿಸಿದಾಗ ಅದರ ಹೊಣೆಯನ್ನೂ ಅವರೇ ಹೊತ್ತರು. ಕಂತು ತಪ್ಪಿತೆಂದು ಬಡವನ ಹಣ ಮುಳುಗಬಾರದು ಎಂಬುದು ಅದರ ಉದ್ದೇಶ. 1916ರಲ್ಲಿ, ಮಹಾಯುದ್ಧದ ನಡುವೆ, ಅವರು ತೀರಿಕೊಂಡರು.

ಮುಂದಿನ ಕಥೆಯನ್ನೂ ಹೇಳಬೇಕು. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಇಂಥ ಸಂಘಗಳನ್ನು ವಶಕ್ಕೆ ತೆಗೆದುಕೊಂಡರು. ಯುದ್ಧ ಮುಗಿದ ಮೇಲೆ ಸಂಘಗಳು ಮತ್ತೆ ಎದ್ದವು. ಆದರೆ 1970ರ ದಶಕದಿಂದ ಅಂಥ ಎಷ್ಟೋ ಸಂಘಗಳು ‘ಕೋ-ಆಪ್’ ಎಂಬ ಒಂದೇ ದೊಡ್ಡ ಷೇರು ಕಂಪನಿಯೊಳಗೆ ಸೇರಿಹೋದವು. 1988-89ರಲ್ಲಿ ಆ ಕಂಪನಿ ಭಾರಿ ಸಾಲದಲ್ಲಿ ಕುಸಿಯಿತು. ಹೊರಗಿನ ಶತ್ರು ಮುಗಿಸಲಾಗದ್ದನ್ನು, ಸದಸ್ಯರ ಕೈತಪ್ಪಿದ ಲೆಕ್ಕಪತ್ರ ಮುಗಿಸಿತು.

ಬಾಂಧವರೇ, ಬೆಳ್ಳಿ ಹಬ್ಬದ ವರ್ಷ, ಇರುವ ಲಾಭವನ್ನೆಲ್ಲ ಡಿವಿಡೆಂಡ್ ಮಾಡಿ ಹಂಚಿಬಿಡಿ ಎಂದು ನಮ್ಮಲ್ಲಿ ಕೆಲವರು ಕೇಳುತ್ತಿದ್ದಾರೆ. ಕೇಳುವುದು ಅವರ ಹಕ್ಕು. ಸಂಘ ಅವರದೇ. ಆದರೆ ಮಳೆ ಕೈಕೊಟ್ಟ ವರ್ಷ ಬೀಜ ಗೊಬ್ಬರಕ್ಕೆ ಯಾರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಒಂದು ಪಾಲು ಕೈಗೆ, ಒಂದು ಪಾಲು ಪ್ರತಿ ಸದಸ್ಯರ ಹೆಸರಿನಲ್ಲೇ ಕಷ್ಟನಿಧಿಗೆ, ಅದರ ಲೆಕ್ಕ ವರ್ಷವರ್ಷವೂ ನೋಟೀಸ್ ಬೋರ್ಡಿನ ಮೇಲೆ. ಇದು ನಮ್ಮ ಅಭಿಪ್ರಾಯ. ತೀರ್ಮಾನ ಮಾಡುವುದು ಸರ್ವಸದಸ್ಯರ ಸಭೆ. ದಯವಿಟ್ಟು ಎಲ್ಲರೂ ಬನ್ನಿ, ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ, ಲೆಕ್ಕ ಕೇಳಿ, ಆಮೇಲೆ ಕೈ ಎತ್ತಿ.