ಎಸ್ಸೆಸ್ಸೆಲ್ಸಿ ಆಯ್ತು, ಕೃಷಿ ಓದಬೇಕು: ರಾಜಾಜಿನಗರ–ಕೆಂಗೇರಿ ಕಡೆ ಮಕ್ಕಳಿಗೆ ಇರುವ ದಾರಿಗಳೇನು?

ಬೆಂಗಳೂರು: ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ಎಷ್ಟೋ ಮನೆಗಳಿಗೆ ಮಾಗಡಿ, ಕುಣಿಗಲ್, ಮಂಡ್ಯ ಕಡೆ ಇನ್ನೂ ಜಮೀನಿದೆ. ಅಪ್ಪ ಇಲ್ಲಿ ಅಂಗಡಿ ನಡೆಸಿದರೂ ಊರಲ್ಲಿ ರಾಗಿ, ತೆಂಗು ಬಿಟ್ಟಿಲ್ಲ. ಅಂಥ ಮನೆಯ ಮಕ್ಕಳು ಕೃಷಿ ಓದ್ತೀನಿ ಅಂದಾಗ ಎಲ್ಲಿ, ಹೇಗೆ ಅನ್ನೋ ಪ್ರಶ್ನೆ ಬರುತ್ತೆ. ಹತ್ತನೇ ತರಗತಿ ಮುಗಿದ ತಕ್ಷಣ ತೆಗೆದುಕೊಳ್ಳುವ ಒಂದು ನಿರ್ಧಾರವೇ ಮುಂದಿನ ಬಾಗಿಲು ತೆರೆಯುತ್ತೆ, ಇಲ್ಲಾ ಮುಚ್ಚುತ್ತೆ.

ಪಿಯುಸಿಯಲ್ಲಿ ತಪ್ಪು ಮಾಡಬೇಡಿ

ನಾಲ್ಕು ವರ್ಷದ ಬಿಎಸ್ಸಿ (ಆನರ್ಸ್) ಕೃಷಿಗೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಬೇಕು, ಸಿಇಟಿ ಬರೆಯಬೇಕು. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಈ ದಾರಿ ಇಲ್ಲ. ಗಣಿತ ಓದಿದವರು ಕೃಷಿ ಎಂಜಿನಿಯರಿಂಗ್ ಬಿಟೆಕ್ ಕಡೆ ಹೋಗಬಹುದು. ಕಾಮರ್ಸ್ ತೆಗೆದುಕೊಂಡ ಮೇಲೆ ಮನಸ್ಸು ಬದಲಾಯಿಸಿದರೆ ಎರಡು ವರ್ಷ ಹೋದಂತೆಯೇ.

ರೈತರ ಮಕ್ಕಳ ಕೋಟಾ

ಕೃಷಿ ಕೋರ್ಸ್‌ಗಳಲ್ಲಿ ಒಂದು ಪಾಲು ಸೀಟು ಕೃಷಿಕರ ಮಕ್ಕಳಿಗೆ ಮೀಸಲಿದೆ. ಇದಕ್ಕೆ ಸಿಇಟಿ ಜೊತೆ ಪ್ರಾಯೋಗಿಕ ಪರೀಕ್ಷೆ ಕೂಡ ಇರುತ್ತೆ. ಬೀಜ, ಕಳೆ, ಗೊಬ್ಬರ, ಉಪಕರಣ ಇವನ್ನು ನೋಡಿ ಗುರುತಿಸಬೇಕು. ಹೊಲದಲ್ಲಿ ಓಡಾಡಿದ ಮಕ್ಕಳಿಗೆ ಸುಲಭ. ಸಿಟಿಯಲ್ಲೇ ಬೆಳೆದವರು ರಜೆಯಲ್ಲಿ ಊರಿಗೆ ಹೋಗಿ ತಾತನ ಜೊತೆ ಹೊಲ ಸುತ್ತಿ ಬರುವುದು ಒಳ್ಳೇದು. ಪಹಣಿ ಮನೆಯವರ ಹೆಸರಲ್ಲಿದೆ ಅಂದಮಾತ್ರಕ್ಕೆ ಕೋಟಾ ಸಿಕ್ಕಿತು ಅಂದುಕೊಳ್ಳಬಾರದು. ಆ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯಲ್ಲಿ ಕೇಳಿರುವ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ಜಮೀನು ಬೇರೆ ತಾಲ್ಲೂಕಲ್ಲಿದ್ದರೆ ಓಡಾಟ ಜಾಸ್ತಿ, ಆದ್ದರಿಂದ ಪರೀಕ್ಷೆಗೆ ಮೊದಲೇ ಶುರು ಮಾಡಿ.

ನೇರ ಡಿಪ್ಲೊಮಾ

ಪಿಯುಸಿ ಬೇಡ ಅನ್ನುವವರಿಗೆ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಬೆಂಗಳೂರು, ಧಾರವಾಡ ಮುಂತಾದ ಕೃಷಿ ವಿಶ್ವವಿದ್ಯಾಲಯಗಳು ಇದನ್ನು ಕನ್ನಡ ಮಾಧ್ಯಮದಲ್ಲಿ ಕಲಿಸುತ್ತವೆ. ಡಿಪ್ಲೊಮಾ ಮುಗಿಸಿ ಬಿಎಸ್ಸಿಗೆ ಹೋಗುವ ಆಸೆ ಇದ್ದರೆ ಅದರ ನಿಯಮವನ್ನು ಸೇರುವ ಮೊದಲೇ ಪ್ರವೇಶ ಕಚೇರಿಯಲ್ಲಿ ಕೇಳಿ, ಲಿಖಿತದಲ್ಲಿ ನೋಡಿಕೊಳ್ಳಿ. ಬಾಯಿಮಾತು ನಂಬಿ ಶುಲ್ಕ ಕಟ್ಟಬೇಡಿ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತೋಟಗಾರಿಕೆ ತರಬೇತಿಯನ್ನೂ ಕೊಡುತ್ತೆ. ಅದು ಕೆಲಸಕ್ಕೆ ಆಗುತ್ತೆ, ಆದರೆ ಪದವಿ ಅಲ್ಲ.

ಶಾಲೆಯಲ್ಲೇ ಕೃಷಿ, ಕ್ರೆಡಿಟ್ ಲೆಕ್ಕ

ಸಿಬಿಎಸ್ಇ ಶಾಲೆಗಳಿಗೆ 9–10ರಲ್ಲಿ ಕೃಷಿ ಕೌಶಲ ವಿಷಯವಾಗಿದೆ (ಕೋಡ್ 408), 11–12ರಲ್ಲೂ ಇದೆ (ಕೋಡ್ 808). ಕಲಿಸುವುದು ಬಿಡುವುದು ಆಯಾ ಶಾಲೆಗೆ ಬಿಟ್ಟದ್ದು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 40. ಆದರೆ ಶಾಲೆಯಲ್ಲಿ ಕೃಷಿ ಓದಿದ್ದಕ್ಕೆ ಬಿಎಸ್ಸಿಯ ಮೊದಲ ವರ್ಷ ಮಾಫಿ ಆಗುತ್ತೆ ಅಂದುಕೊಳ್ಳಬೇಡಿ. ನಾಲ್ಕೂ ವರ್ಷ ಓದಲೇಬೇಕು. ಅದರಲ್ಲಿ ಕೊನೆಯ ವರ್ಷ ಹಳ್ಳಿಯಲ್ಲಿ ರೈತರ ಜೊತೆ ಇದ್ದು ಕೆಲಸ ಕಲಿಯುವ ಅವಧಿಯೂ ಇರುತ್ತೆ.

ಹತ್ತಿರದ ಕಾಲೇಜು

ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ಕೊಟ್ಟ 30 ಎಕರೆಯಲ್ಲಿ ಕೃಷಿ ಸಂಶೋಧನೆ ಶುರುವಾಯ್ತು. 1913ರಲ್ಲಿ ಶಾಲೆ, 1946ರಲ್ಲಿ ಕಾಲೇಜು ಬಂತು. ಕೃಷಿ ವಿಶ್ವವಿದ್ಯಾಲಯ 1964ರದ್ದು. ಈಗ ಬಳ್ಳಾರಿ ರಸ್ತೆಯ ಜಿಕೆವಿಕೆಯಲ್ಲಿದೆ. ಕೃಷಿ ಕಾಲೇಜುಗಳು ಮಂಡ್ಯದ ವಿ.ಸಿ. ಫಾರಂ, ಹಾಸನದಲ್ಲೂ ಇವೆ. ಕೆಂಗೇರಿಯವರಿಗೆ ಮಂಡ್ಯಕ್ಕೆ ಮೈಸೂರು ರಸ್ತೆಯಲ್ಲೇ ನೇರ ದಾರಿ. ಜಿಕೆವಿಕೆಯ ಕೃಷಿ ಮೇಳಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋದರೆ ಓದು ಹೇಗಿರುತ್ತೆ ಅಂತ ಕಣ್ಣಾರೆ ನೋಡಬಹುದು.

ಅಂಗಡಿಯವರಿಗೂ ಬೇಕು

ಕೀಟನಾಶಕ, ಗೊಬ್ಬರ ಮಾರುವ ಲೈಸೆನ್ಸ್‌ಗೆ ಈಗ ಕೃಷಿ ಸಂಬಂಧಿ ವಿದ್ಯಾರ್ಹತೆ ಕೇಳುತ್ತಾರೆ. ಈಗಾಗಲೇ ವ್ಯಾಪಾರದಲ್ಲಿರುವವರಿಗೆ ಹೈದರಾಬಾದ್‌ನ ಮ್ಯಾನೇಜ್ ಸಂಸ್ಥೆ ರೂಪಿಸಿದ ಒಂದು ವರ್ಷದ 'ದೇಸಿ' ಡಿಪ್ಲೊಮಾ ಇದೆ. ಮಗ ಅಥವಾ ಮಗಳು ಕೃಷಿ ಓದಿದರೆ ಆ ಅಂಗಡಿಗೂ ಅದು ಆಸರೆ.

ಈಗಲೇ ಜೋಡಿಸಿಡಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ–ಆದಾಯ ಪ್ರಮಾಣಪತ್ರ, ಪಹಣಿ, ಆಧಾರ್. ಹೆಸರಿನ ಸ್ಪೆಲ್ಲಿಂಗ್ ಎಲ್ಲದರಲ್ಲೂ ಒಂದೇ ಇದೆಯಾ ನೋಡಿಕೊಳ್ಳಿ. ಕೊನೆ ದಿನ ಸೈಬರ್ ಸೆಂಟರ್ ಮುಂದೆ ಕ್ಯೂ ನಿಲ್ಲುವುದು ತಪ್ಪುತ್ತೆ.